‘ಮನ್ನಾ’ ಅಲ್ಲ, ರೈಟ್-ಆಫ್: 68,607 ಕೋಟಿಯ ಲೆಕ್ಕ

‘ವಜ್ರ ವ್ಯಾಪಾರಿ ಮೆಹುಲ್ ಚೋಕ್ಸಿ ಸೇರಿ 50 ಶ್ರೀಮಂತರ 68,607 ಕೋಟಿ ರೂಪಾಯಿ ಸಾಲವನ್ನು ಸರ್ಕಾರ ಮನ್ನಾ ಮಾಡಿತು’ ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಅಂಕಿ ಸುಳ್ಳಲ್ಲ. 2020ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ರಿಸರ್ವ್ ಬ್ಯಾಂಕ್ ಕೊಟ್ಟ ಉತ್ತರದಲ್ಲೇ ಅದಿದೆ. ಚೋಕ್ಸಿಯ ಗೀತಾಂಜಲಿ ಜೆಮ್ಸ್ ಪಾಲೇ 5,492 ಕೋಟಿ. ತಪ್ಪಿರುವುದು ‘ಮನ್ನಾ’ ಎಂಬ ಪದ. ಬ್ಯಾಂಕುಗಳು ಮಾಡಿದ್ದು ರೈಟ್-ಆಫ್.

ಮನ್ನಾ ಅಂದರೆ ಸಾಲಗಾರ ಋಣಮುಕ್ತ. ರೈಟ್-ಆಫ್ ಹಾಗಲ್ಲ. ವಸೂಲಾಗದ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ವರ್ಷವರ್ಷ ಹಣ ಎತ್ತಿಡುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಪೂರ್ತಿ ಮೊತ್ತ ಎತ್ತಿಟ್ಟಾದ ಮೇಲೆ ಆ ಸಾಲವನ್ನು ಆಸ್ತಿಪಟ್ಟಿಯಿಂದ ತೆಗೆಯುತ್ತದೆ. ಸಾಲಗಾರನ ಹೊಣೆ ಹಾಗೇ ಉಳಿಯುತ್ತದೆ, ಮೊಕದ್ದಮೆ, ಜಪ್ತಿ, ಹರಾಜು ಮುಂದುವರಿಯುತ್ತವೆ.

ಹಾಗಂತ ಜನರ ಸಿಟ್ಟು ಹುಸಿಯಲ್ಲ. ಹೀಗೆ ತೆಗೆದಿಟ್ಟ ಸಾಲದಲ್ಲಿ ವಾಪಸು ಬರುವುದು ಸಣ್ಣ ಪಾಲು. (ಎರಡು ಕಂತು ತಪ್ಪಿದರೆ ನಮ್ಮ ಬಾಗಿಲಿಗೆ ಬರುವ ಚುರುಕು ಅಲ್ಲಿ ಕಾಣುವುದಿಲ್ಲ!) ಸೊರಗಿದ ಸರ್ಕಾರಿ ಬ್ಯಾಂಕುಗಳಿಗಾಗಿ 2017ರ ಅಕ್ಟೋಬರ್‌ನಲ್ಲಿ ಕೇಂದ್ರ 2.11 ಲಕ್ಷ ಕೋಟಿಯ ಮರುಬಂಡವಾಳ (ಹೊಸ ಬಂಡವಾಳ ತುಂಬುವ) ಯೋಜನೆ ಘೋಷಿಸಬೇಕಾಯಿತು.

ಕಂಪನಿಗಳಿಗೆ ನಿಜವಾಗಿ ಬಿಟ್ಟುಕೊಟ್ಟ ಹಣ ಹುಡುಕುವವರು 2019ರ ಸೆಪ್ಟೆಂಬರ್ ನೋಡಲಿ: ಕಾರ್ಪೊರೇಟ್ ತೆರಿಗೆಯ ಮೂಲ ದರ 22%ಕ್ಕೆ ಇಳಿಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಅಂದಾಜಿಸಿದ್ದು ಸರ್ಕಾರವೇ.