ಪ್ರಶ್ನೆ ಹಾಗಿರಲಿ, ನೀವು ಯಾರ ಪೈಕಿ?

ಕನ್ನಂಬಾಡಿ ಕಟ್ಟೆಯಲ್ಲಿ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯಲ್ಲಿ, ಗಂಗಾರತಿಯ ಮಾದರಿಯ ಕಾವೇರಿ ಆರತಿ ಬೇಕೋ ಬೇಡವೋ ಎಂಬ ಜಗಳದಲ್ಲಿ ನಮ್ಮ ಮಂಡ್ಯ ಒಂದು ವಿಷಯಕ್ಕಂತೂ ನಾಡಿಗೇ ಮೇಲ್ಪಂಕ್ತಿ ಹಾಕಿಕೊಟ್ಟಿದೆ: ಎದುರು ಮಾತಿಗೆ ಉತ್ತರ ಕೊಡುವುದು ಹೇಗೆ ಅನ್ನುವುದರಲ್ಲಿ. ರೈತರು ಕೇಳಿದ್ದೇನು? ಆರತಿಗೆಂದು ಸರ್ಕಾರ ಎತ್ತಿಟ್ಟ 92 ಕೋಟಿಯನ್ನು ನಾಲೆಗಳಿಗೆ ಹಾಕಿ, ಅಣೆಕಟ್ಟೆಯ ಮಗ್ಗುಲಲ್ಲಿ ಜಾತ್ರೆ ಸೇರಿಸಬೇಡಿ, ಹೊಳೆಗೆ ಕಸ ತುಂಬಬೇಡಿ. ಸಿಕ್ಕ ಉತ್ತರ? ‘ತಾಯಿ ಕಾವೇರಿಗೆ ಪೂಜೆ ಮಾಡಿದರೆ ಇವರಿಗೇನ್ರೀ ಹೊಟ್ಟೆಯುರಿ?’ ನಾಲೆ ಇಲ್ಲ, ಕಟ್ಟೆ ಇಲ್ಲ, ಕಸವೂ ಇಲ್ಲ. ಒಂದೇ ಏಟಿಗೆ ಎಲ್ಲ ಸ್ವಚ್ಛ. ಆರತಿ ಬೇಡ ಅನ್ನುವ ಈಚೆ ಕಡೆಯವರೇನು ಕಮ್ಮಿಯೇ? ‘ಆರತಿ ಆದರೆ ನಮಗೂ ನಾಲ್ಕು ಕಾಸು ವ್ಯಾಪಾರ’ ಎಂದು ಚುರುಮುರಿ ಗಾಡಿಯವನು ಬಾಯಿಬಿಟ್ಟರೆ, ‘ನಿಂಗೆಷ್ಟು ಕೊಟ್ರು?’

ಇದೇ ಕಟ್ಟೆ ಕಟ್ಟುವಾಗಲೂ ತಕರಾರು ಎದ್ದಿತ್ತು. ಇಷ್ಟೊಂದು ದುಡ್ಡು ಸುರಿದು ಕರೆಂಟು ತೆಗೆದರೆ ಕೊಳ್ಳುವವರು ಯಾರು ಎಂದು ಸಂಸ್ಥಾನದ ಹಣಕಾಸಿನವರು ಕೊಕ್ಕೆ ಹಾಕಿದರು. ಆಚೆಯಿಂದ ಮದರಾಸಿನವರ ಆಕ್ಷೇಪಣೆ ಬೇರೆ. ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯ ದಿವಾನ್ ಆನಂದರಾಯರ ಹತ್ತಿರ ಹೋದರು, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ತನಕ ಹೋದರು, ಯೋಜನೆಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಿಕೊಂಡರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಒಪ್ಪಿಗೆ ಬಿತ್ತು. ಎಂಥಾ ಅಮಾಯಕರು! ‘ಹಣಕಾಸಿನವರು ಮದರಾಸಿನ ಏಜೆಂಟರು’ ಎಂದು ಒಂದು ಹೇಳಿಕೆ ಕೊಟ್ಟಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿಯುತ್ತಿತ್ತು.

ಮೇಲುಕೋಟೆಯೂ ನಮ್ಮ ಜಿಲ್ಲೆಯಲ್ಲೇ ಇದೆ ಅನ್ನುವುದನ್ನು ನೆನೆದರೆ ಇನ್ನೂ ನಗು ಬರುತ್ತದೆ. ಅಲ್ಲಿ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದ ಆರಂಭದಲ್ಲೇ ತಮ್ಮ ಎದುರಾಳಿಗಳಾದ ಅದ್ವೈತಿಗಳ ವಾದವನ್ನು ಉದ್ದಕ್ಕೂ ಬಿಡಿಸಿ ಇಡುತ್ತಾರೆ. ಮೊದಲು ಚಿಕ್ಕ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ; ಅದಕ್ಕೊಂದು ಚಿಕ್ಕ ಉತ್ತರ; ಸಾಲದೆಂದು ಮಹಾಪೂರ್ವಪಕ್ಷ. ಓದುತ್ತ ಹೋದವನಿಗೆ ‘ಅದ್ವೈತವೇ ಸರಿ ಕಣಪ್ಪ’ ಅನ್ನಿಸಬೇಕು. ದೊಡ್ಡ ಖಂಡನೆ ಶುರುವಾಗುವುದೇ ಆಮೇಲೆ. ಇವತ್ತು ಅವರನ್ನು ಟಿವಿ ಚರ್ಚೆಗೆ ಕೂರಿಸಿದರೆ ಏನಾಗುತ್ತದೆ ಊಹಿಸಿ. ಪೂರ್ವಪಕ್ಷ ಕಾಲು ಭಾಗ ಮುಗಿದಿರುವುದಿಲ್ಲ, ‘ಒಂದು ಚಿಕ್ಕ ಬ್ರೇಕ್ ಸ್ವಾಮೀಜಿ’ ಅನ್ನುತ್ತಾನೆ ಆ್ಯಂಕರ್. ಪರದೆಯ ಕೆಳಗೆ ಕೆಂಪು ಪಟ್ಟಿ: ‘ಅದ್ವೈತ ಒಪ್ಪಿಕೊಂಡ ರಾಮಾನುಜರು!’ ಸಂಜೆಯೊಳಗೆ ಶಿಷ್ಯರೇ ಮಠದ ಮುಂದೆ ಧರಣಿ ಕೂತಿರುತ್ತಾರೆ.

ನಮ್ಮ ಸಭೆಗಳಲ್ಲಿ ಆ ರಗಳೆ ಇಲ್ಲ. ಮಳವಳ್ಳಿ ಕಡೆಯ ರೈತನೊಬ್ಬ ಎದ್ದು ನಿಲ್ಲುತ್ತಾನೆ, ಹೆಗಲ ಮೇಲಿನ ಟವಲ್ ಕೈಗೆ ತಗೊಂಡು ಕೇಳುತ್ತಾನೆ: ‘ಸಾ, ಕಟ್ಟು ನೀರು ಬುಟ್ಟು ವಾರಾಯ್ತು. ನಮ್ ತೂಬ್ಗೆ ಇನ್ನೂ ಒಂದ್ ತೊಟ್ಟೂ ಬಂದಿಲ್ಲ. ಯಾವಾಗ್ ಬತ್ತದೆ?’

ವೇದಿಕೆಯಿಂದ ಉತ್ತರ: ‘ಏಯ್, ನಿನ್ನ ಯಾರ್ ಕಳ್ಸಿದ್ದು ಅಂತ ನಂಗೊತ್ತು ಕೂತ್ಕಳಯ್ಯ.’

ಚಪ್ಪಾಳೆ. ಮೊಬೈಲಿನಲ್ಲಿ ವಿಡಿಯೋ. ‘ಅಣ್ಣ ಕೊಟ್ಟ ಖಡಕ್ ಉತ್ತರ’ ಎಂಬ ತಲೆಬರಹ, ಹಿಂದೆ ತಮಟೆ ಸದ್ದು.

ಏನು ಉತ್ತರ ಸ್ವಾಮಿ ಅದು? ಅವನನ್ನು ಯಾರೂ ಕಳಿಸಿಲ್ಲ, ಒಣಗಿದ ಭತ್ತದ ಒಟ್ಲು ಕಳಿಸಿದೆ. ಯಾವ ಪಕ್ಷಕ್ಕೆ ಓಟು ಒತ್ತಿದಾಗಲೂ ಅವನ ತೂಬಿಗೆ ನೀರು ಹತ್ತಲಿಲ್ಲ. ಕೇಳಿದ್ದಕ್ಕೆ ಪ್ರತಿಸಲ ಅವನ ಜಾತಿ, ಅವನ ಪಕ್ಷ, ಅವನ ಅಪ್ಪ ಸಾಲ ಮಾಡಿದ ಸೊಸೈಟಿ ತೆಗೆಯುತ್ತೀರಿ. ಸಾಕಾಗಿದೆ. ನಾಲೆಗೆ ದುಡ್ಡಿಲ್ಲದಿದ್ದರೆ ಇಲ್ಲ ಅನ್ನಿ. ಜನ ಸೇರಿದರೆ ಕಟ್ಟೆಗೆ ಏನೂ ಆಗುವುದಿಲ್ಲ ಅನ್ನುವುದಾದರೆ ಇಂಜಿನಿಯರ್ ಸಹಿ ಹಾಕಿದ ಕಾಗದ ತೋರಿಸಿ. ಆರತಿಯಿಂದ ಊರಿಗೆ ಲಾಭ ಅನ್ನುವುದಾದರೆ ಎಷ್ಟು, ಯಾರಿಗೆ, ಬರೆದು ಕೊಡಿ. ರೈತ ಮುಖಂಡರೂ ಅದನ್ನು ಪೂರ್ತಿ ಓದಿ ಆಮೇಲೆ ಬೈಯಲಿ. ಇದ್ಯಾವುದೂ ಕೈಲಾಗದಿದ್ದರೆ, ಅವನು ಮಾತು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರಿ. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.