ಆನೆಗೆ ಪರವಾನಗಿ ಬೇಡ

ಕಾಸರಗೋಡಿನ ಬದಿಯಡ್ಕದ ಭಾವನಿಗೆ ಒಂದೇ ಬೇಸರ: ದನ ಸಾಕಿದ ಮನೆಯ ಹುಡುಗ ಬೆಂಗಳೂರಿಗೆ ಹೋಗಿ ಬೂಷ್ಟು ಸಾಕುತ್ತಾನೆ. ಅಕ್ಕನ ಮಗ ಕಿಣ್ವ (ಎನ್‌ಜೈಮ್) ತಯಾರಿಸುವ ಕಂಪನಿಯಲ್ಲಿದ್ದಾನೆ. ಮೊನ್ನೆ ಊರಿಗೆ ಬಂದವನು ಜಗಲಿಯಲ್ಲಿ ಕೂತು ತನ್ನ ಉದ್ಯೋಗದ ಕಾನೂನು ಬಿಡಿಸಿದ. ನನ್ನ ವೀಳ್ಯ ಬಾಯಲ್ಲೇ ನಿಂತಿತು.

ಬೂಷ್ಟು ಹೆಚ್ಚು ಕಿಣ್ವ ಕರೆಯಬೇಕಾದರೆ ದಾರಿ ಎರಡಂತೆ. ಹಳೆಯದು ಹೀಗೆ: ನೇರಳಾತೀತ ಬೆಳಕು ಹೊಡೆ, ಇಲ್ಲವೇ ವಿಷದ ರಾಸಾಯನಿಕದಲ್ಲಿ ಅದ್ದು. ಬಹುಪಾಲು ಸಾಯುತ್ತವೆ. ಬದುಕಿದವುಗಳ ವಂಶವಾಹಿಯಲ್ಲಿ ಎಲ್ಲೆಲ್ಲಿ ಏನೇನು ಮುರಿದಿದೆಯೋ ಮಧೂರು ಗಣಪತಿಯೇ ಬಲ್ಲ. ಸಾವಿರಾರು ತಟ್ಟೆಗಳಲ್ಲಿ ಬೆಳೆಸಿ, ಹೆಚ್ಚು ಕರೆಯುವುದನ್ನು ಇಟ್ಟುಕೊಳ್ಳುವುದು. ಪೆನಿಸಿಲಿನ್ ಅಗ್ಗವಾದದ್ದಕ್ಕೂ ಇದೇ ಉಪಾಯ: 1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಕರಬೂಜದ ಮೇಲೆ ಸಿಕ್ಕ ಬೂಷ್ಟಿಗೆ ಮೊದಲು ಎಕ್ಸ್-ರೇ, ಮತ್ತೆ ನೇರಳಾತೀತ. ಹೊಸದು ಕ್ರಿಸ್ಪರ್, ವಂಶವಾಹಿಯನ್ನು ಕತ್ತರಿಸುವ ತಂತ್ರ. 2012ರ ವಿದ್ಯೆ, 2020ರಲ್ಲಿ ನೊಬೆಲ್. ಬೇಕಾದ ಒಂದು ಜಾಗಕ್ಕೆ ಮಾತ್ರ ಕತ್ತಿ. ಆಗೊಮ್ಮೆ ಕೈ ತಪ್ಪುವುದುಂಟು, ಅಡಿಕೆ ಕೊಯ್ಯುವ ಕೊನೆಗಾರನಿಗೂ ತಪ್ಪುತ್ತದೆ.

ಇನ್ನು ಕಾನೂನು. ಕುರುಡಾಗಿ ಹೊಡೆದರೆ ಸಂಪ್ರದಾಯ, ಗುರಿಯಿಟ್ಟು ಕತ್ತರಿಸಿದರೆ ಸಮಿತಿಯ ಒಪ್ಪಿಗೆ. ಹಳೆಯ ದಾರಿಗೆ ದೀರ್ಘಕಾಲದ ಸುರಕ್ಷತೆಯ ದಾಖಲೆಯಿದೆ ಎಂದು ಯುರೋಪಿನ ನ್ಯಾಯಾಲಯ 2018ರಲ್ಲಿ ಇದನ್ನೇ ಗಂಭೀರವಾಗಿ ಬರೆದಿಟ್ಟಿತು. ನಮ್ಮ 1989ರ ನಿಯಮಗಳ ಹೆಸರಿನಲ್ಲೇ 'ಅಪಾಯಕಾರಿ ಸೂಕ್ಷ್ಮಜೀವಿ' ಕೂತಿದೆ. 2022ರಲ್ಲಿ ಕೇಂದ್ರ ಸರ್ಕಾರ ಒಂದಿಷ್ಟು ಸಡಿಲ ಮಾಡಿತು, ಪರಕೀಯ ಡಿಎನ್‌ಎ ಇಲ್ಲದ ಗಿಡಗಳಿಗೆ. ಬೂಷ್ಟು ಗಿಡವಲ್ಲವಲ್ಲ!

"ಅಂದರೆ," ಎಂದರು ಭಾವ, "ಕೊನೆಗಾರ ಹಣ್ಣಾದ ಒಂದೇ ಕೊನೆ ಇಳಿಸಿದರೆ ವಿಚಾರಣೆ. ಕಾಡಾನೆ ತೋಟಕ್ಕೆ ನುಗ್ಗಿ ನೂರು ಮರ ಮುರಿದ ಮೇಲೆ ನಾವು ಹೆಕ್ಕಿದರೆ ಕ್ರಮಪ್ರಕಾರ?"

"ಆನೆಗೆ ದೀರ್ಘಕಾಲದ ಸುರಕ್ಷತೆಯ ದಾಖಲೆಯಿದೆ ಅಪ್ಪ."

ನಮಗೆ ಹೊಸತೇನಲ್ಲ. ಈ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಕೆಳಗಿದ್ದ ಬಾವಿಯನ್ನಾಗಲಿ ತೋಡನ್ನಾಗಲಿ ಯಾವ ಸಮಿತಿಯೂ ಕೇಳಲಿಲ್ಲ. ಆಕಾಶದಿಂದ ಬಿದ್ದದ್ದಕ್ಕೆ ಗುರಿಯಿಲ್ಲ, ಗುರಿಯಿಲ್ಲದ್ದಕ್ಕೆ ಕಡತವಿಲ್ಲ.

ಅಷ್ಟರಲ್ಲಿ ಅಕ್ಕ ಮಜ್ಜಿಗೆ ತಂದಳು. ಹೆಪ್ಪು ನೆರೆಮನೆಯದು, ಅವರಿಗೆ ಅದು ಕುಂಬಳೆಯ ತವರಿನಿಂದ ಬಂದದ್ದು, ಅಲ್ಲಿಗೆ ಎಲ್ಲಿಂದ ಬಂತೋ. ಲೋಟಕ್ಕೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ, ಒಂದಕ್ಕೂ ಗುರುತುಚೀಟಿಯಿಲ್ಲ.

"ಇದಕ್ಕೆ ಒಪ್ಪಿಗೆ ತೆಗೊಂಡಿದ್ದೀಯಾ ಅಕ್ಕ?" ಎಂದೆ.

"ಕೇಳಲು ಹೋದರೆ ಅರ್ಜಿ ಮಲಯಾಳದಲ್ಲೇ ಕೊಡಿ ಅಂತಾರೆ. ಸುಮ್ಮನೆ ಕುಡಿ."