ಬಿಸಿಯಾಗುವುದು ಯಾವಾಗ?

ಹಳೇ ಕಾರಿನ ಟೆಂಪರೇಚರ್ ಸೂಜಿ ಕೆಂಪು ಗೆರೆಯತ್ತ ಸರಿದರೆ ಸಾಕು, ಸುತ್ತ ನಿಂತವರ ಬಾಯಲ್ಲೆಲ್ಲ ಒಂದೊಂದು ಬಿಡಿಭಾಗದ ಹೆಸರು. ಒಬ್ಬರು ವಾಟರ್ ಪಂಪ್ ಅಂತಾರೆ, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಅಂತ ಹೆದರಿಸುತ್ತಾರೆ. ಬಿಸಿಯಾಗುವುದು ಯಾವಾಗ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅರ್ಧ ಕೆಲಸ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡತೊಡಗಿದ ಮೇಲೆ ಇಳಿದರೆ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿಗೆ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ತಿರುಗಿದರೆ ಮೋಟಾರ್ ಸರಿಯಿದೆ. ಫ್ಯೂಸ್, ರಿಲೇ, ಟೆಂಪರೇಚರ್ ಸ್ವಿಚ್ ಹುಡುಕಬೇಕು.

ಇದರ ಉಲ್ಟಾ, ಅಂದರೆ ನಿಂತಾಗ ನೆಟ್ಟಗಿದ್ದು ಹೈವೇಯಲ್ಲಿ ಏರಿದರೆ ಗಾಳಿಗೆ ಕೊರತೆಯಿಲ್ಲ, ನೀರಿನ ಹರಿವಿಗಿದೆ. ವರ್ಷಗಟ್ಟಲೆ ಬರೀ ನಲ್ಲಿ ನೀರು ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ, ತುಕ್ಕು ಕಟ್ಟಿರುತ್ತದೆ. ಪಂಪಿನೊಳಗೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿರಬಹುದು. ಇನ್ನೊಂದು ಕಳ್ಳ ರೇಡಿಯೇಟರಿನ ಕೆಳಗಿನ ಹೋಸ್ (ರಬ್ಬರ್ ಕೊಳವೆ). ಪಂಪು ನೀರನ್ನು ಹೀರುವುದು ಇದರ ಮೂಲಕವೇ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ ಅಥವಾ ರಬ್ಬರ್ ಮೆತ್ತಗಾಗಿದ್ದರೆ ಜೋರಾಗಿ ರೇಸ್ ಮಾಡಿದಾಗ ಹೋಸ್ ಚಪ್ಪಟೆಯಾಗುತ್ತದೆ. ಐಡ್ಲಿಂಗ್‌ನಲ್ಲಿ ಮತ್ತೆ ಉಬ್ಬಿ ಏನೂ ಅರಿಯದಂತೆ ಕೂತಿರುತ್ತದೆ. ಇದನ್ನು ಹಿಡಿಯಲು ಒಬ್ಬರು 3000 ಆರ್‌ಪಿಎಂಗೆ ಏರಿಸಬೇಕು, ಇನ್ನೊಬ್ಬರು ಫ್ಯಾನಿನಿಂದ ಕೈ ದೂರವಿಟ್ಟು ನೋಡಬೇಕು.

ಈಗ ರೇಡಿಯೇಟರ್ ಕ್ಯಾಪ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಕುದಿಯುವ ನೀರು ಚಿಮ್ಮಿ ಮುಖ ಸುಡುತ್ತದೆ. ಮೇಲೆ 0.9 ಅಥವಾ 1.1 ಅಂತ ಅಚ್ಚಾಗಿರುತ್ತದೆ, ಅದು ಕ್ಯಾಪ್ ತಡೆಯುವ ಒತ್ತಡ, ಬಾರ್‌ಗಳಲ್ಲಿ. ಅರ್ಧ ನೀರು, ಅರ್ಧ ಕೂಲೆಂಟ್ (ಕುದಿಬಿಂದು ಏರಿಸುವ, ತುಕ್ಕು ತಡೆಯುವ ದ್ರವ) ಬೆರೆಸಿದ್ದು ತೆರೆದಿಟ್ಟಾಗ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅದೇ ಒಂದು ಬಾರ್ ಒತ್ತಡದಲ್ಲಿ 125 ದಾಟಿದರೂ ಕುದಿಯದೆ ತಾಳುತ್ತದೆ. ಕ್ಯಾಪಿನ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿದ್ದರೆ ಈ ಅನುಕೂಲವೆಲ್ಲ ಹೋಯಿತು. ನಡುವೆ ಇರುವ ಪುಟ್ಟ ವಾಲ್ವ್ ಅಂಟಿಕೊಂಡರೆ ಎಂಜಿನ್ ತಣಿಯುವಾಗ ರಿಸರ್ವ್ ಬಾಟಲಿಯಿಂದ ಕೂಲೆಂಟ್ ವಾಪಸ್ ಬರುವುದಿಲ್ಲ. ಇಡೀ ವ್ಯವಸ್ಥೆಯಲ್ಲೇ ಅತಿ ಅಗ್ಗದ ವಸ್ತು ಇದು, ಆದರೂ ಎಲ್ಲರೂ ನೋಡುವುದು ಕೊನೆಗೆ!

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್ ಥರ್ಮೋಸ್ಟಾಟ್. ಅದನ್ನು ಕಿತ್ತು ಬಿಸಾಕಿ ಎನ್ನುವ ಸಲಹೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಳಗಿನ ಮೇಣ ಸುಮಾರು 82ರಿಂದ 88 ಡಿಗ್ರಿಯಲ್ಲಿ ಕರಗಿ ಹಿಗ್ಗಿ ವಾಲ್ವನ್ನು ತೆರೆಯುತ್ತದೆ. ಅದಿಲ್ಲದ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಬೈಪಾಸ್ ದಾರಿ ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಲ್ಲೇ ಸುತ್ತಿ ಕಾರು ಇನ್ನಷ್ಟು ಬಿಸಿಯಾಗುತ್ತದೆ. ಅನುಮಾನವಿದ್ದರೆ ಬಿಚ್ಚಿ, ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ದಾರದಲ್ಲಿ ತೂಗಿಬಿಟ್ಟು, ಜೊತೆಗೊಂದು ಥರ್ಮಾಮೀಟರ್ ಇಟ್ಟು ಕಾಯಿಸಿ. ಮೈಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಕುದಿ ಬಂದರೂ ಬಿಡದಿದ್ದರೆ ಹೊಸದು ಹಾಕಿ.

ಏರಿದ್ದ ಸೂಜಿ ಇದ್ದಕ್ಕಿದ್ದಂತೆ ಇಳಿದರೆ ಖುಷಿಪಡಬೇಡಿ. ಕೂಲೆಂಟೆಲ್ಲ ಸೋರಿ ಸೆನ್ಸರ್ ಒಣಗಿದಾಗಲೂ ಅದು ಇಳಿಯುತ್ತದೆ. ತಕ್ಷಣ ಎಂಜಿನ್ ಆಫ್ ಮಾಡಿ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ತಾನೇ ಸುಳಿವು ಕೊಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತಾಗುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು ನಿಲ್ಲುವುದೇ ಇಲ್ಲ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಖಚಿತವಾಗಬೇಕಾದರೆ ರೇಡಿಯೇಟರಿನ ಬಾಯಿಗಿಟ್ಟು ಒಳಗಿನ ಗಾಳಿ ಪರೀಕ್ಷಿಸುವ ಬ್ಲಾಕ್ ಟೆಸ್ಟರ್ ಇದೆ. ಪೆಟ್ರೋಲ್ ಎಂಜಿನ್ನಿನ ಸುಟ್ಟ ಗಾಳಿ ಸೋಕಿದರೆ ಅದರ ನೀಲಿ ದ್ರವ ಹಳದಿಗೆ ತಿರುಗುತ್ತದೆ. ಆಯಿಲ್ ಮುಚ್ಚಳದ ಕೆಳಗಿನ ಬೆಳ್ಳನೆಯ ಜಿಡ್ಡೊಂದನ್ನೇ ನಂಬಿ ಹೆಡ್ ಬಿಚ್ಚಿಸಬೇಡಿ, ಬರೀ ಗಿಡ್ಡ ಓಡಾಟದ ಕಾರಿನಲ್ಲೂ ತೇವದಿಂದ ಅದು ಕಟ್ಟುತ್ತದೆ.

ಯಾವ ರಿಪೇರಿ ಮಾಡಿದರೂ ಮತ್ತೆ ತುಂಬುವಾಗ ಅವಸರ ಬೇಡ. ಹೀಟರ್ ನಾಬ್ ಪೂರ್ತಿ ಬಿಸಿ ಕಡೆಗಿರಲಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯುತ್ತಾ ಮೇಲಿನ ಹೋಸನ್ನು ಹಿಸುಕುತ್ತಿರಿ. ಮರುದಿನ ಬೆಳಗ್ಗೆ ಮಟ್ಟ ತುಸು ಇಳಿದಿರುತ್ತದೆ, ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಬಿಟ್ಟ ಜಾಗ, ಅಷ್ಟು ತುಂಬಿಸಿ. ಆಮೇಲೂ ದಿನಾ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹುಡುಕಲು ಶುರುಮಾಡಿ.